ಗರಿಯಿಲ್ಲದ ಬಾಣ ಹೇಳುವ ನಿಜ



ಬಿಲ್ಲುವಿದ್ಯೆ ಕಲಿಯಲು ಹೊರಟವರಿಗೆಲ್ಲ ಒಂದಲ್ಲ ಒಂದು ದಿನ ಈ ಕಷ್ಟ ಎದುರಾಗುತ್ತದೆ. ಗುರಿಯನ್ನು ಸರಿಯಾಗಿಯೇ ಹಿಡಿದಿರುತ್ತೀರಿ. ಹೆದೆಯನ್ನು ಪ್ರತಿ ಸಲವೂ ಕೆನ್ನೆಯ ಅದೇ ಜಾಗಕ್ಕೆ ಎಳೆದಿರುತ್ತೀರಿ. ಆದರೂ ಬಾಣ ಮಾತ್ರ ಎಡಕ್ಕೇ ಹೋಗಿ ನಾಟುತ್ತದೆ. ಹತ್ತು ಸಲ ಬಿಟ್ಟರೆ ಹತ್ತು ಸಲವೂ ಎಡಕ್ಕೆ. "ನನ್ನ ಕೈಯೇ ಸರಿಯಿಲ್ಲ, ಇದು ನನಗೆ ಒಗ್ಗುವ ವಿದ್ಯೆಯಲ್ಲ" ಎಂದು ಬೇಸತ್ತು ಬಿಲ್ಲನ್ನು ಮೂಲೆಗಿಡುವವರೂ ಉಂಟು. ಆದರೆ ತಪ್ಪು ನಿಜವಾಗಿಯೂ ಕೈಯದೇ? ಅಥವಾ ಆ ಬಿಲ್ಲಿಗೆ ಆ ಬಾಣ ಹೊಂದುತ್ತಿಲ್ಲವೇ? ಇದನ್ನು ಪತ್ತೆ ಮಾಡಲು ಬಹಳ ಸರಳವಾದ ಒಂದು ಪರೀಕ್ಷೆಯಿದೆ. ಗರಿ ಕಟ್ಟದ ಬರಿಯ ಕೋಲನ್ನು ಬಿಟ್ಟು ನೋಡುವುದೇ ಆ ಪರೀಕ್ಷೆ.

ಕಲ್ಲಿನ ಬಾಣ, ಬಿದಿರಿನ ಬಾಣ

ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಮಕ್ಕಳಿಗೆ ಬಿಲ್ಲು ಬಾಣಗಳು ಹೊಸವಲ್ಲ. ನಮ್ಮ ಹಾಸನ ಜಿಲ್ಲೆಯಲ್ಲೇ ಇರುವ ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿನ ಮದನಿಕೆಯರ ಸಾಲಿನಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯನ್ನು ನೀವು ನೋಡಿರಬಹುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಗಳ ಮೇಲೆ ಕುರುಕ್ಷೇತ್ರ ಯುದ್ಧದ ಸಾಲುಚಿತ್ರಗಳಿವೆ. ಈ ಎರಡು ದೇವಾಲಯಗಳೂ ಸೋಮನಾಥಪುರದ ಕೇಶವ ದೇವಾಲಯವೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮುಂದಿನ ಸಲ ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದಾಗ ಒಂದು ವಿಷಯವನ್ನು ಗಮನಿಸಿ. ಶಿಲ್ಪಿ ಕಡೆದ ಬಾಣ ಸೂಜಿಯಂತೆ ನೇರವಾಗಿದೆ. ಬಾಣ ಹಾರುವಾಗ ಬರಿಗಣ್ಣಿಗೆ ಕಾಣುವುದೂ ಹಾಗೆಯೇ. ಆದರೆ ನಿಜವಾದ ಬಾಣ ಬಿಲ್ಲನ್ನು ಬಿಡುವಾಗ ನೇರವಾಗಿರುವುದಿಲ್ಲ. ಅದು ನೀರಿನಲ್ಲಿ ಈಜುವ ಮೀನಿನಂತೆ ಆ ಕಡೆ ಈ ಕಡೆ ಬಳುಕುತ್ತ ಹೊರಡುತ್ತದೆ. ಇದನ್ನು ಕಣ್ಣಾರೆ ಕಾಣಲು ಅತಿ ವೇಗದ ಕ್ಯಾಮೆರಾ ಬರಬೇಕಾಯಿತು. ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಇಂಥ ಚಿತ್ರಗಳನ್ನು ತೆಗೆದು ತೋರಿಸಿದರು.

ಬಾಣ ಏಕೆ ಬಳುಕುತ್ತದೆ?

ಹಳೆಯ ಮಾದರಿಯ ಬಿಲ್ಲಿನಲ್ಲಿ ಬಾಣ ಬಿಲ್ಲಿನ ನಟ್ಟನಡುವೆ ಕೂರುವುದಿಲ್ಲ; ಪಕ್ಕಕ್ಕೆ ಒರಗಿ ಕೂರುತ್ತದೆ. ಬಲಗೈಯ ಮೂರು ಬೆರಳುಗಳಿಂದ ಹೆದೆ ಎಳೆಯುವವರಿಗೆ ಬಾಣ ಬಿಲ್ಲಿನ ಎಡಪಕ್ಕದಲ್ಲಿರುತ್ತದೆ. ಹೆದೆಯಾದರೋ ಬಿಲ್ಲಿನ ನಡುಮಧ್ಯಕ್ಕೆ ನುಗ್ಗುತ್ತದೆ. ಹೀಗಾಗಿ ಬಾಣದ ಹಿಂತುದಿಯನ್ನು ಹೆದೆ ಒಂದು ದಿಕ್ಕಿಗೆ ತಳ್ಳುತ್ತಿರುವಾಗ ಮೊನೆ ಸ್ವಲ್ಪ ಎಡಕ್ಕೆ ಮುಖ ಮಾಡಿರುತ್ತದೆ. ಲೆಕ್ಕದ ಪ್ರಕಾರ ಬಾಣ ಎಡಕ್ಕೇ ಹೋಗಬೇಕು. ಆದರೂ ಸರಿಯಾದ ಬಾಣ ನೇರವಾಗಿಯೇ ಗುರಿಗೆ ಹೋಗುತ್ತದೆ. ಈ ಸೋಜಿಗವನ್ನು ‘ಬಿಲ್ಲುಗಾರನ ವಿರೋಧಾಭಾಸ’ ಎಂದು ಕರೆಯಬಹುದು.

ಇದರ ಗುಟ್ಟು ಕೋಲಿನ ಬಳುಕಿನಲ್ಲಿದೆ. ಹೆದೆ ಹಿಂದಿನಿಂದ ಒಮ್ಮೆಲೇ ತಳ್ಳಿದಾಗ ಮುಂದಿರುವ ಮೊನೆಯ ಭಾರ ತಟ್ಟನೆ ಕದಲುವುದಿಲ್ಲ. ನಡುವೆ ಸಿಕ್ಕಿದ ಕೋಲು ಬಾಗುತ್ತದೆ, ಮರಳಿ ಇನ್ನೊಂದು ಕಡೆಗೆ ಬಾಗುತ್ತದೆ, ಹೀಗೆ ಬಾಗುತ್ತ ಬಿಲ್ಲಿನ ಹಿಡಿಯನ್ನು ಸುತ್ತಿ ದಾಟಿಹೋಗುತ್ತದೆ. ಇದೆಲ್ಲ ಮುಗಿಯುವುದು ಸೆಕೆಂಡಿನ ಸುಮಾರು ಐವತ್ತರಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ. ಬಳುಕು ಹದವಾಗಿದ್ದರೆ ಕೋಲು ಬಿಲ್ಲಿಗೆ ತಗಲದೆ ನುಸುಳಿಕೊಳ್ಳುತ್ತದೆ. ಕೋಲು ಅತಿ ಗಡಸಾಗಿದ್ದರೆ ಬಾಗದೆ ಎಡಕ್ಕೆ ಮುಖ ಮಾಡಿಯೇ ಹೊರಡುತ್ತದೆ. ಅತಿ ಮೆದುವಾಗಿದ್ದರೆ ಅಗತ್ಯಕ್ಕಿಂತ ಹೆಚ್ಚು ಬಾಗಿ ಬಲಕ್ಕೆ ತಿರುಗುತ್ತದೆ. ಕೋಲಿನ ಈ ಗಡಸುತನಕ್ಕೆ ಬಿಲ್ಲುಗಾರರು ‘ಸ್ಪೈನ್’ ಎನ್ನುತ್ತಾರೆ.

ಗರಿ ಮುಚ್ಚಿಡುವ ತಪ್ಪು

ಹಾಗಾದರೆ ಗರಿಯ ಕೆಲಸವೇನು? ಬಾಣ ಓರೆಯಾಗಿ ಹೊರಟರೆ ಹಿಂದಿರುವ ಗರಿಗೆ ಗಾಳಿ ಅಡ್ಡ ಬಡಿಯುತ್ತದೆ. ಆ ತಡೆ ಬಾಣದ ಬಾಲವನ್ನು ಮೊನೆಯ ಹಿಂದಕ್ಕೆ ಎಳೆದು ತರುತ್ತದೆ. ಗಾಳಿಪಟಕ್ಕೆ ಬಾಲಂಗೋಚಿ ಇದ್ದ ಹಾಗೆ. ಆದ್ದರಿಂದಲೇ ಹೊಂದದ ಬಾಣವೂ ಗರಿಯಿದ್ದರೆ ತಕ್ಕಮಟ್ಟಿಗೆ ನೆಟ್ಟಗೆ ಹಾರುತ್ತದೆ. ಆದರೆ ಹೀಗೆ ತಿದ್ದಿಕೊಳ್ಳುವಾಗ ಬಾಣ ತನ್ನ ವೇಗವನ್ನು ಕಳೆದುಕೊಳ್ಳುತ್ತದೆ. ದಿಕ್ಕಿನಲ್ಲಿಯೂ ಸ್ವಲ್ಪ ವ್ಯತ್ಯಾಸ ಉಳಿದೇ ಇರುತ್ತದೆ. ಗರಿ ನೆನೆದ ದಿನ, ಗರಿ ಸವೆದ ದಿನ ಆ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ.

ಗರಿ ತೆಗೆದ ಕೋಲಿಗೆ ಈ ಆಸರೆಯಿಲ್ಲ. ಅದು ಎಡಕ್ಕೆ ಮುಖ ಮಾಡಿ ಹೊರಟರೆ ಎಡಕ್ಕೇ ಜಾರುತ್ತ ಹೋಗುತ್ತದೆ. ಗರಿಯುಳ್ಳ ಬಾಣ ಮುಚ್ಚಿಡುವ ತಪ್ಪನ್ನು ಬರಿಗೋಲು ದೊಡ್ಡದು ಮಾಡಿ ತೋರಿಸುತ್ತದೆ. ಪರೀಕ್ಷೆಯ ತತ್ತ್ವ ಇಷ್ಟೇ.

ಪರೀಕ್ಷೆ ಮಾಡುವ ಬಗೆ

ಒಂದೇ ದಪ್ಪ, ಒಂದೇ ಉದ್ದ, ಒಂದೇ ತೂಕದ ಮೊನೆಯುಳ್ಳ ಐದು ಬಾಣಗಳನ್ನು ಆರಿಸಿಕೊಳ್ಳಿ. ಮೂರಕ್ಕೆ ಗರಿ ಇರಲಿ, ಎರಡಕ್ಕೆ ಬೇಡ. ಗರಿಯಿಲ್ಲದ ಎರಡರ ಹಿಂತುದಿಗೆ ಗರಿಗಳ ತೂಕದಷ್ಟೇ ಟೇಪು ಸುತ್ತಿ. ಇಲ್ಲದಿದ್ದರೆ ತೂಕದ ವ್ಯತ್ಯಾಸವೂ ಪರೀಕ್ಷೆಯೊಳಗೆ ಬೆರೆತುಹೋಗುತ್ತದೆ.

ಗುರಿಗೆ ಬಿಗಿಯಾಗಿ ಕಟ್ಟಿದ ಭತ್ತದ ಹುಲ್ಲಿನ ಪಿಂಡಿಗಳು ಸಾಕು. ಹಿಂದೆ ಎತ್ತರದ ಮಣ್ಣಿನ ದಿಬ್ಬವಿರಲಿ. ಬರಿಗೋಲು ಎತ್ತ ತಿರುಗೀತೆಂದು ಮೊದಲೇ ಹೇಳಲಾಗದು. ಆದ್ದರಿಂದ ಮುಂದೆಯಾಗಲಿ, ಪಕ್ಕದಲ್ಲಾಗಲಿ ಜನ, ದನಕರು ಇರಬಾರದು. ಮೊದಲು ಆರೇಳು ಹೆಜ್ಜೆ ದೂರದಿಂದ ಬಿಡಿ. ನಂತರ 10 ಮೀಟರಿಗೆ, ಕೊನೆಗೆ 18 ಮೀಟರಿಗೆ ಸರಿಯಿರಿ. ಐದು ಬಾಣಗಳನ್ನೂ ಒಂದೇ ಗುರಿಬಿಂದುವಿಗೆ ಬಿಟ್ಟು, ಎಲ್ಲಿ ನಾಟಿದವೆಂದು ಹಾಳೆಯ ಮೇಲೆ ಗುರುತು ಮಾಡಿ. ಇದನ್ನು ನಾಲ್ಕೈದು ಸುತ್ತು ಮಾಡಿ. ಒಂದೇ ಬಾಣವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ.

ಕೋಲು ಹುಲ್ಲಿನಲ್ಲಿ ಓರೆಯಾಗಿ ನಿಂತಿದೆಯೇ ಎಂದು ಬಹಳ ಜನ ನೋಡುತ್ತಾರೆ. ಹುಲ್ಲಿನ ಬಿಗಿ ಹೆಚ್ಚುಕಡಿಮೆಯಾದರೆ ಆ ಓರೆ ಬದಲಾಗುತ್ತದೆ. ನಾಟಿದ ಜಾಗವನ್ನೇ ನಂಬುವುದು ಒಳ್ಳೆಯದು.

ಮೊದಲು ಮೇಲೆ ಕೆಳಗೆ, ಆಮೇಲೆ ಎಡ ಬಲ

ಗರಿಯ ಬಾಣಗಳಿಗಿಂತ ಬರಿಗೋಲು ಮೇಲೆ ನಾಟಿದರೆ, ಹೆದೆಯ ಮೇಲೆ ಬಾಣವನ್ನು ಕೂರಿಸುವ ಜಾಗ ತಗ್ಗಾಗಿದೆ ಎಂದರ್ಥ. ಕೆಳಗೆ ನಾಟಿದರೆ ಆ ಜಾಗ ಎತ್ತರವಾಗಿದೆ. ಹೆದೆಗೆ ದಾರ ಸುತ್ತಿ ಈ ಜಾಗವನ್ನು ಗುರುತು ಮಾಡಿರುತ್ತಾರಲ್ಲವೇ? ಆ ದಾರವನ್ನು ಒಂದೆರಡು ಮಿಲಿಮೀಟರ್ ಸರಿಸಿ ಮತ್ತೆ ಬಿಟ್ಟು ನೋಡಿ. ಈ ಕೆಲಸ ಮೊದಲು ಮುಗಿಯಬೇಕು. ಏಕೆಂದರೆ ಬಾಣದ ಬಾಲ ಕೈಗೋ ಬಿಲ್ಲಿಗೋ ಬಡಿದು ಎಗರುತ್ತಿದ್ದರೆ ಎಡ ಬಲದ ಲೆಕ್ಕವೂ ಸುಳ್ಳಾಗುತ್ತದೆ.

ಈಗ ಎಡ ಬಲ ನೋಡೋಣ. ಬಲಗೈಯಿಂದ, ಮೂರು ಬೆರಳಿನಲ್ಲಿ ಎಳೆಯುವವರಿಗೆ ಬರಿಗೋಲುಗಳು ಗರಿಯ ಬಾಣಗಳ ಎಡಕ್ಕೆ ನಾಟಿದರೆ ಕೋಲು ಗಡಸು. ಬಲಕ್ಕೆ ನಾಟಿದರೆ ಮೆದು. ಎಡಗೈಯಿಂದ ಎಳೆಯುವವರಿಗೆ ಇದು ತಿರುಗುಮುರುಗು. ಬಲಗೈಯ ಹೆಬ್ಬೆರಳಿನಿಂದ ಎಳೆಯುವ ಏಷ್ಯಾದ ಪದ್ಧತಿಯಲ್ಲಿ ಬಾಣ ಬಿಲ್ಲಿನ ಬಲಪಕ್ಕದಲ್ಲಿ ಕೂರುವುದರಿಂದ ಅಲ್ಲಿಯೂ ಇದು ತಿರುಗುಮುರುಗಾಗುತ್ತದೆ.

ಕೋಲು ಗಡಸಾಗಿದ್ದರೆ ಭಾರದ ಮೊನೆ ಹಾಕಬಹುದು. ಅಥವಾ ಕೋಲನ್ನು ಉದ್ದಕ್ಕೂ ಸಮನಾಗಿ ಉಜ್ಜುಕಾಗದದಿಂದ ಉಜ್ಜಿ ಸ್ವಲ್ಪ ತೆಳುವಾಗಿಸಬಹುದು. ಮೆದುವಾಗಿದ್ದರೆ ಹಗುರ ಮೊನೆ ಹಾಕಬೇಕು, ಇಲ್ಲವೇ ಕೋಲನ್ನು ಮೊನೆಯ ಕಡೆಯಿಂದ 5 ಮಿಲಿಮೀಟರಿನಂತೆ ಕತ್ತರಿಸುತ್ತ ಹೋಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊನೆಯನ್ನೂ ಉದ್ದವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ನಿಮ್ಮ ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?

18 ಮೀಟರ್ ದೂರದಲ್ಲಿ ಬರಿಗೋಲು ಗರಿಯ ಬಾಣಗಳಿಂದ ಒಂದು ಅಂಗೈ ಅಗಲದೊಳಗೆ ನಾಟಿದರೆ ಸಾಕು. ಬಿದಿರು ಕಾರ್ಖಾನೆಯಲ್ಲಿ ಎರಕ ಹೊಯ್ದ ವಸ್ತುವಲ್ಲ. ಅದರಲ್ಲಿ ಗಿಣ್ಣುಗಳಿವೆ, ಬುಡ ದಪ್ಪ, ತುದಿ ಸಣ್ಣ.

ಕೈಯ ತಪ್ಪು, ಕೋಲಿನ ತಪ್ಪು

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಾಳೆಯ ಮೇಲಿನ ಗುರುತುಗಳನ್ನು ನೋಡಿ. ಗರಿಯ ಬಾಣಗಳೂ ಬರಿಗೋಲುಗಳೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಮೇಲಕ್ಕೆ ಚದುರಿ ಬಿದ್ದಿದ್ದರೆ ತಿದ್ದಬೇಕಾದದ್ದು ಕೈ. ಹೆದೆ ಬಿಡುವ ಬೆರಳು ಪ್ರತಿ ಸಲವೂ ಬೇರೆ ಬೇರೆ ರೀತಿ ಬಿಡುತ್ತಿದೆ. ಅಂಥ ದಿನ ಕೋಲನ್ನು ಕತ್ತರಿಸಬಾರದು, ಅಭ್ಯಾಸ ಮುಂದುವರಿಸಬೇಕು. ಇದಕ್ಕೆ ಬದಲಾಗಿ ಗರಿಯ ಬಾಣಗಳು ಒಂದು ಗುಂಪಾಗಿ, ಬರಿಗೋಲುಗಳು ಪಕ್ಕದಲ್ಲಿ ಇನ್ನೊಂದು ಗುಂಪಾಗಿ ನಾಟಿದ್ದರೆ, ಮತ್ತು ಮರುದಿನವೂ ಹಾಗೆಯೇ ಆದರೆ, ನಿಮ್ಮ ಕೈ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿದೆ. ತಿದ್ದಬೇಕಾದದ್ದು ಕೋಲು. ಚದುರುವಿಕೆ ಬೇರೆ, ಸರಿಯುವಿಕೆ ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಒಳ್ಳೆಯ ಕೋಲನ್ನು ಹಾಳು ಮಾಡಿಕೊಂಡವರೂ, ಒಳ್ಳೆಯ ಕೈಯಿದ್ದೂ ಬಿಲ್ಲು ಬಿಟ್ಟವರೂ ಇದ್ದಾರೆ.

ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಲೆಕ್ಕ

ಕೋಲಿನ ಗಡಸುತನವನ್ನು ಬಿಲ್ಲಿಲ್ಲದೆಯೂ ಅಳೆಯಬಹುದು. 26 ಅಂಗುಲ, ಅಂದರೆ ಸುಮಾರು 66 ಸೆಂಟಿಮೀಟರ್ ಅಂತರದ ಎರಡು ಆಧಾರಗಳ ಮೇಲೆ ಕೋಲನ್ನು ಅಡ್ಡ ಇಡಿ. ನಡುವೆ 2 ಪೌಂಡ್, ಅಂದರೆ ಸುಮಾರು 907 ಗ್ರಾಂ ತೂಕ ತೂಗಿಬಿಡಿ. ನೀರಿನ ಬಾಟಲಿಯನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದರೂ ಆಗುತ್ತದೆ. ಕೋಲು ಎಷ್ಟು ಮಿಲಿಮೀಟರ್ ಕೆಳಗೆ ಬಾಗಿತೆಂದು ಅಳೆದು, 660ನ್ನು ಆ ಸಂಖ್ಯೆಯಿಂದ ಭಾಗಿಸಿ. 16.5 ಮಿಲಿಮೀಟರ್ ಬಾಗಿದರೆ ಉತ್ತರ 40. ಮರದ ಬಾಣಗಳನ್ನು ವಿಂಗಡಿಸುವವರ ರೂಢಿಯಂತೆ ಅದು 40 ಪೌಂಡ್ ಬಿಗಿಯ ಬಿಲ್ಲಿಗೆ ಹತ್ತಿರದ ಕೋಲು. ಆದರೆ ಇದು ಆಯ್ಕೆಗೆ ನೆರವು ಮಾತ್ರ. ಕೊನೆಯ ತೀರ್ಪು ಬರಿಗೋಲಿನದೇ.

ಇನ್ನೊಂದು ವಿಷಯ. ಕೋಲಿನ ಬಾಗು ಉದ್ದದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 30 ಅಂಗುಲದ ಕೋಲನ್ನು 29 ಅಂಗುಲಕ್ಕೆ ಇಳಿಸಿದರೆ ಉದ್ದ ಕಡಿಮೆಯಾದದ್ದು ಸುಮಾರು 3 ಶೇಕಡ. ಅದೇ ಭಾರಕ್ಕೆ ಬಾಗು ಕಡಿಮೆಯಾಗುವುದು ಸುಮಾರು 10 ಶೇಕಡ. ದಪ್ಪದ ಪರಿಣಾಮ ಇದಕ್ಕಿಂತ ಹೆಚ್ಚು. ಟೊಳ್ಳಿಲ್ಲದ ಕೋಲಿನ ಗಡಸುತನ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಆದ್ದರಿಂದಲೇ ಕತ್ತರಿಸುವಾಗಲೂ ಉಜ್ಜುವಾಗಲೂ ಸ್ವಲ್ಪ ಸ್ವಲ್ಪವೇ ಮುಂದುವರಿಯಬೇಕು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು.

ಸಮನಾದ ಕೋಲಿನ ಮಹತ್ವ ನಮ್ಮ ಹಿಂದಿನವರಿಗೂ ಗೊತ್ತಿತ್ತು. ವಸಿಷ್ಠನ ಹೆಸರಿನಲ್ಲಿರುವ ಧನುರ್ವೇದ ಸಂಹಿತೆ ಬಾಣಗಳನ್ನು ಮುಂದೆ ದಪ್ಪವಾದದ್ದು, ಹಿಂದೆ ದಪ್ಪವಾದದ್ದು, ಉದ್ದಕ್ಕೂ ಸಮನಾದದ್ದು ಎಂದು ಮೂರು ಬಗೆಯಾಗಿ ವಿಂಗಡಿಸಿ, ಗುರಿ ಹೊಡೆಯಲು ಸಮನಾದದ್ದೇ ತಕ್ಕದ್ದೆಂದು ಹೇಳುತ್ತದೆ. ಇಂದಿಗೂ ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದ್ದು, ಅದರಲ್ಲಿ ಬಿದಿರಿನ ಬಿಲ್ಲನ್ನು ಬಳಸುತ್ತಾರೆ. ಬೆಲೆಬಾಳುವ ಬಿಲ್ಲು ಕೊಳ್ಳಲಾಗದ ಹಳ್ಳಿಯ ಹುಡುಗ ಹುಡುಗಿಯರಿಗೂ ಈ ದಾರಿ ತೆರೆದಿದೆ.

ಮರೆಯಬಾರದ ಎಚ್ಚರಿಕೆಗಳು

ಬಾಣದ ಉದ್ದ ನೀವು ಹೆದೆ ಎಳೆಯುವ ಉದ್ದಕ್ಕಿಂತ ಕನಿಷ್ಠ ಒಂದೆರಡು ಅಂಗುಲ ಹೆಚ್ಚೇ ಇರಬೇಕು. ಕತ್ತರಿಸುವ ಹುಮ್ಮಸ್ಸಿನಲ್ಲಿ ಅದಕ್ಕಿಂತ ಗಿಡ್ಡ ಮಾಡಿದರೆ ಮೊನೆ ಬಿಲ್ಲಿನ ಹಿಂದಕ್ಕೆ ಜಾರಿ, ಬಿಲ್ಲು ಹಿಡಿದ ನಿಮ್ಮ ಕೈಗೇ ನಾಟೀತು. ಕೋಲು ಇನ್ನೂ ಮೆದುವಾಗಿದ್ದರೆ ಗಡಸಾದ ಬೇರೆ ಕೋಲು ಹುಡುಕಿ. ಪ್ರತಿ ಸಲ ಬಿಡುವ ಮುನ್ನ ಕೋಲನ್ನು ಮೆಲ್ಲನೆ ಬಾಗಿಸಿ ನೋಡಿ. ಚಟಪಟ ಸದ್ದು ಬಂದರೆ, ಕೂದಲೆಳೆಯಷ್ಟು ಸೀಳು ಕಂಡರೆ, ಅದನ್ನು ಮುರಿದು ಬಿಸಾಡಿ. ಸೀಳಿದ ಬಿದಿರು ಹೆದೆಯ ಹೊಡೆತಕ್ಕೆ ಸಿಡಿದು ಕೈಯೊಳಗೆ ಹೊಕ್ಕುತ್ತದೆ. ಬಾಣ ಹೂಡದೆ ಹೆದೆಯನ್ನು ಎಳೆದು ಬಿಡಬೇಡಿ, ಬಿಲ್ಲೇ ಮುರಿದೀತು. ದೊಡ್ಡವರೊಬ್ಬರು ಜೊತೆಯಲ್ಲಿರಲಿ. ಬಾಣ ಹಕ್ಕಿ, ಮೃಗಗಳ ಕಡೆಗೆ ತಿರುಗದಿರಲಿ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ.

ಮಾಡಿ ನೋಡಿ

ಬಿಲ್ಲು ಕೈಗೆ ಸಿಗದಿದ್ದರೂ ಅಡ್ಡಿಯಿಲ್ಲ. ಐದಾರು ತೆಳು ಬಿದಿರುಕಡ್ಡಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ, ಮೇಲೆ ಹೇಳಿದಂತೆ ಅವುಗಳ ಬಾಗನ್ನು ಅಳೆಯಿರಿ. ಕಣ್ಣಿಗೆ ಒಂದೇ ರೀತಿ ಕಾಣುವ ಕಡ್ಡಿಗಳಲ್ಲಿಯೂ ವ್ಯತ್ಯಾಸ ಕಂಡುಬರುತ್ತದೆ. ಕಡ್ಡಿಯನ್ನು ಕಾಲು ಸುತ್ತು ಹೊರಳಿಸಿ ಮತ್ತೊಮ್ಮೆ ಅಳೆದರೆ ಒಂದೇ ಕಡ್ಡಿ ಎರಡು ಬಗೆಯಾಗಿ ಬಾಗುವುದೂ ಉಂಟು. ಫಲಿತಾಂಶವನ್ನು ಕೋಷ್ಟಕದಲ್ಲಿ ಬರೆದು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ. ಬಿಲ್ಲು ಸಿಕ್ಕಿದ ದಿನ, ಯಾವ ಕಡ್ಡಿಯಿಂದ ಬಾಣ ಮಾಡಬೇಕು ಮತ್ತು ಅದರ ಯಾವ ಮಗ್ಗುಲು ಬಿಲ್ಲಿಗೆ ಒರಗಬೇಕು ಎಂಬುದನ್ನು ಆ ಕೋಷ್ಟಕ ನೋಡಿಯೇ ನೀವು ತೀರ್ಮಾನಿಸಬಲ್ಲಿರಿ.