ಕೊಯ್ಲಿನ ಕಾಲದ ಹಾಜರಿ

ಕಡೂರು ಬಿಟ್ಟು ಚಿಕ್ಕಮಗಳೂರಿನ ಕಡೆ ಹೊರಟರೆ, ಸಖರಾಯಪಟ್ಟಣ ಬರುವ ಹೊತ್ತಿಗೆ ತೆಂಗಿನ ತೋಟ, ರಾಗಿ ಹೊಲಗಳ ಹಿಂದೆ ಬೆಟ್ಟದ ಸಾಲು ಎದ್ದು ನಿಂತಿರುತ್ತದೆ. ಬಯಲುಸೀಮೆಗೂ ಮಲೆನಾಡಿಗೂ ಇದು ಹೊಸಿಲು. ಈ ಭಾಗದ ಮನೆಗಳಿಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಎರಡು ಪಂಚಾಂಗ. ಒಂದನ್ನು ಬರೆಯುವುದು ಶಿಕ್ಷಣ ಇಲಾಖೆ: ಎರಡನೇ ಅವಧಿ, ರೂಪಣಾತ್ಮಕ ಮೌಲ್ಯಮಾಪನ, ಪ್ರತಿಭಾ ಕಾರಂಜಿ, ಪ್ರವಾಸ, ವಾರ್ಷಿಕೋತ್ಸವ. ಇನ್ನೊಂದನ್ನು ಬರೆಯುವುದು ಬೆಳೆ: ರಾಗಿ ಕಟಾವು, ಅಡಿಕೆ ಸುಲಿತ, ಬೆಟ್ಟದ ತೋಟಗಳಲ್ಲಿ ಅರೇಬಿಕಾ ಹಣ್ಣು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಎರಡು ಪಂಚಾಂಗಗಳೂ ಬಂದು ಬೀಳುವುದು ಒಂದೇ ಮಕ್ಕಳ ಮೇಲೆ.

ಚಳಿಗಾಲದ ಅವಧಿಯಲ್ಲಿ ಪೋಷಕರಿಗೆ ಶಾಲೆಯಿಂದ ಬರುವ ಸೂಚನೆಗಳಿಗೆ ಕೊರತೆಯಿಲ್ಲ. ಆಧಾರ್ ತನ್ನಿ, ಪ್ರವಾಸದ ಹಣ ಕಟ್ಟಿ, ಫೋಟೊ ಎರಡು ಬೇಕು, ಉಗುರು ಕತ್ತರಿಸಿ ಕಳಿಸಿ. ಎಲ್ಲವೂ ಬೇಕಾದವೇ. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಇವುಗಳಿಗಿಂತ ಮೊದಲು ಹೇಳಬೇಕಾದ ಮಾತೊಂದಿದೆ: ಈ ನಾಲ್ಕು ತಿಂಗಳು ಮಗುವಿನ ಹಾಜರಿ ತಪ್ಪದಂತೆ ನೋಡಿಕೊಳ್ಳಿ.

2025–26ರಲ್ಲಂತೂ ಅದಕ್ಕೆ ವಿಶೇಷ ಕಾರಣವಿತ್ತು. ಆ ಸಾಲಿನ ಎರಡನೇ ಅವಧಿ ಅಕ್ಟೋಬರ್ 8ಕ್ಕೆ ಶುರುವಾಗಬೇಕಿತ್ತು. ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ಸುತ್ತಬೇಕಾಗಿ ಬಂದು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಅದರ ಬೆನ್ನಿಗೇ ದೀಪಾವಳಿ. ಮಕ್ಕಳಿಗೆ ಹಬ್ಬವೋ ಹಬ್ಬ. ಕೈತಪ್ಪಿದ ಪಾಠವನ್ನು ಹೆಚ್ಚುವರಿ ತರಗತಿ ನಡೆಸಿ ತುಂಬಿಸಬೇಕೆಂದು ಸರ್ಕಾರ ಹೇಳಿತು. 2026ರ ಏಪ್ರಿಲ್ 10ಕ್ಕೆ ಶಾಲೆ ಮುಚ್ಚಬೇಕಿತ್ತು. ನಡುವೆ ಉಳಿದ ದಿನಗಳಲ್ಲಿ ದೊಡ್ಡ ಪಾಲು ಬಿದ್ದದ್ದು ಕೊಯ್ಲಿನ ತಿಂಗಳುಗಳಿಗೇ.

ಈ ಎರಡು ಪಂಚಾಂಗಗಳು ಹೇಗೆ ಡಿಕ್ಕಿ ಹೊಡೆಯುತ್ತವೆ ಎನ್ನುವುದಕ್ಕೆ 2025ರ ನವೆಂಬರ್ 14ನ್ನೇ ನೋಡಿ. ಮಕ್ಕಳ ದಿನಾಚರಣೆಯಂದೇ ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಪೋಷಕರು–ಶಿಕ್ಷಕರ ಮಹಾಸಭೆ ಎಂದು ಇಲಾಖೆ ಗೊತ್ತುಮಾಡಿತು. ಯೋಚನೆ ಒಳ್ಳೆಯದೇ. ಆದರೆ ಅದು ಶುಕ್ರವಾರ, ಅರೇಬಿಕಾ ಹಣ್ಣಾಗುವ ಕಾಲ. ಬೆಳಕು ಹರಿಯುವ ಮುಂಚೆ ಪಿಕಪ್ ಗಾಡಿ ಹತ್ತಿ ತೋಟಕ್ಕೆ ಹೋಗುವ ತಾಯಿ ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರಬೇಕಿತ್ತು. ಬಸ್ಸಿನ ಖರ್ಚಿಲ್ಲ, ಶಕ್ತಿ ಯೋಜನೆ 2023ರ ಜೂನ್ 11ರಿಂದ ಅದನ್ನು ನೋಡಿಕೊಂಡಿದೆ. ಕೂಲಿಯನ್ನು ನೋಡಿಕೊಳ್ಳುವವರು ಯಾರು? ಸಭೆಗೆ ಬರಲಾಗದ ತಾಯಿಯನ್ನು ‘ಕಾಳಜಿ ಇಲ್ಲದವರು’ ಎಂದು ಬರೆದುಕೊಳ್ಳುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು. ಮೌಲ್ಯಮಾಪನ ಮುಗಿದ ಮೇಲೆ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಮಗುವಿನ ಪ್ರಗತಿಪತ್ರ ನೋಡಲು ಕರೆಯುತ್ತಾರೆ. ಅದಕ್ಕೂ ಹೋಗಲಾಗದಿದ್ದರೆ ತೋಟಕ್ಕೆ ರಜೆ ಇರುವ ದಿನಕ್ಕೆ ಹತ್ತಿರದ ಒಂದು ಶನಿವಾರ ಬೆಳಿಗ್ಗೆ ಮೇಷ್ಟ್ರನ್ನು ಕಂಡು ಬರುತ್ತೇನೆಂದು ಮೊದಲೇ ಹೇಳಿಟ್ಟರೆ ಸಾಕು, ಇಲ್ಲವೆನ್ನುವ ಮೇಷ್ಟ್ರು ಕಡಿಮೆ.

ಇನ್ನು ‘ಗ್ರೂಪಿಗೆ ಹಾಕಿದ್ದೀವಿ, ನೋಡಿ’ ಎಂಬ ಮಾತು. ವಾಟ್ಸ್ಆ್ಯಪ್ ಬಂದ ಮೇಲೆ ನೋಟಿಸ್ ಚೀಟಿ ಮಾಯವಾಯಿತು. ಗ್ರೂಪಿನಲ್ಲಿರುವುದು ಬಹುಪಾಲು ಅಪ್ಪನ ನಂಬರು. ಅಪ್ಪ ಅಡಿಕೆ ಕೊನೆ ತೆಗೆಯಲು ಮರದ ಮೇಲೆ, ಅಮ್ಮ ಸಿಗ್ನಲ್ ಸಿಗದ ತೋಟದಲ್ಲಿ, ಮನೆಯಲ್ಲಿ ಅಜ್ಜಿ ಮತ್ತು ಗುಂಡಿ ಒತ್ತುವ ಹಳೆಯ ಫೋನು. ಸೂಚನೆ ಗ್ರೂಪಿನಲ್ಲಿದ್ದರೂ ಮನೆಗೆ ತಲುಪಿರುವುದಿಲ್ಲ. ಮಗುವಿನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡು ಸಾಲು ಬರೆಸಿ ಕಳಿಸುವ ಹಳೆಯ ಪದ್ಧತಿಯನ್ನು ಈ ನಾಲ್ಕು ತಿಂಗಳ ಮಟ್ಟಿಗಾದರೂ ಶಾಲೆಗಳು ಉಳಿಸಿಕೊಳ್ಳಬಾರದೇಕೆ? ಅಜ್ಜಿಗೆ ಓದಲು ಬಾರದಿದ್ದರೂ ಮಗುವೇ ಓದಿ ಹೇಳುತ್ತದೆ, ಅದೂ ಒಂದು ಪಾಠವೇ.

ಹಾಜರಿ ಎಂದರೆ ಬರೀ ರಿಜಿಸ್ಟರಿನ ಗೀಟಲ್ಲ. 1ರಿಂದ 3ನೇ ತರಗತಿಯವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿರುವುದು ನಲಿ–ಕಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೈಯಾರೆ ಕಟ್ಟಿದ ಈ ವಿಧಾನ 2009ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು, ಪ್ರಾಣಿ ಪಕ್ಷಿಗಳ ಗುರುತಿನ ಕಾರ್ಡುಗಳು. ಮಕ್ಕಳು ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ, ಅಂದರೆ ಶಿಕ್ಷಕರ ಜೊತೆ ಕಲಿಯುವ ಗುಂಪಿನಿಂದ ಗೆಳೆಯರ ಜೊತೆ ಕಲಿಯುವ ಗುಂಪಿಗೆ, ಅಲ್ಲಿಂದ ತಾನೇ ಕಲಿಯುವ ಗುಂಪಿಗೆ ಹೋಗುತ್ತಿರುತ್ತಾರೆ. ಮಗು ವಾರಗಟ್ಟಲೆ ಬಾರದಿದ್ದರೂ ಪಾಠ ಅದನ್ನು ಬಿಟ್ಟು ಮುಂದೋಡುವುದಿಲ್ಲ, ನಿಲ್ಲಿಸಿದ ಮೆಟ್ಟಿಲಿನಿಂದಲೇ ಹತ್ತಬಹುದು. ಇದು ಈ ವಿಧಾನದ ದೊಡ್ಡಗುಣ. ಪೋಷಕರಿಗೆ ಸುಳ್ಳು ಸಮಾಧಾನ ಸಿಗುವುದೂ ಇಲ್ಲಿಯೇ. ಡಿಸೆಂಬರ್, ಜನವರಿ ಎರಡೂ ತಿಂಗಳು ಬಿಟ್ಟುಬಿಟ್ಟು ಬಂದ ಮಗು ಅನುತ್ತೀರ್ಣವಾಗುವುದಿಲ್ಲ, ಯಾರೂ ಬೈಯುವುದಿಲ್ಲ, ವರ್ಷದ ಕೊನೆಗೆ ಎಲ್ಲರ ಜೊತೆ ಮುಂದಿನ ತರಗತಿಗೂ ಹೋಗುತ್ತದೆ. ಏಣಿಯ ಮೇಲೆ ಮಾತ್ರ ಅದು ಎಲ್ಲಿ ನಿಂತಿತ್ತೋ ಅಲ್ಲೇ ಇರುತ್ತದೆ. ಒತ್ತಕ್ಷರಕ್ಕೆ ಬಾರದೆ 4ನೇ ತರಗತಿಗೆ ಹೋದ ಮಗುವಿನ ಕೈಗೆ ಏಣಿಯ ಬದಲು ಪುಸ್ತಕ ಬರುತ್ತದೆ, ಆ ಪುಸ್ತಕ ಕಾಯುವುದಿಲ್ಲ.

ಮಕ್ಕಳು ಶಾಲೆ ತಪ್ಪಿಸುವುದೆಲ್ಲ ಕೆಲಸಕ್ಕೆ ಹೋಗಿಯೇ ಎಂದಲ್ಲ. ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋದರೆ ಶಾಲೆಗೆ ಸೇರದ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು 4ನೇ ತರಗತಿಯ ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಅಂಗನವಾಡಿಗೆ ಹೋಗುವ ವಯಸ್ಸಾಗಿದ್ದರೆ ಚಿಕ್ಕದನ್ನು ಅಲ್ಲಿಗೆ ಸೇರಿಸಿದರೆ ಅಕ್ಕನ ಶಾಲೆ ಉಳಿಯುತ್ತದೆ. ತರೀಕೆರೆ ಕಡೆಯ ಅಡಿಕೆ ಮನೆಗಳಲ್ಲಿ ಇನ್ನೊಂದು ಬಗೆ. ಸುಲಿತ ನಡೆಯುವುದು ರಾತ್ರಿ. ದೀಪದ ಕೆಳಗೆ ದೊಡ್ಡವರೆಲ್ಲ ಕತ್ತಿ ಹಿಡಿದು ಕೂತಾಗ ಮಕ್ಕಳೂ ಮಾತು, ನಗೆ, ಮಂಡಕ್ಕಿಯ ಆಸೆಗೆ ಎದ್ದಿರುತ್ತಾರೆ. ಮರುದಿನ ಹಾಜರಿ ಪುಸ್ತಕದಲ್ಲಿ ಮಗು ಇರುತ್ತದೆ, ತರಗತಿಯಲ್ಲಿ ತೂಕಡಿಸುತ್ತಿರುತ್ತದೆ. ಸುಲಿತದ ಮನೆಗಳಿಗೆ ಒಂದೇ ಕೋರಿಕೆ: ಒಂಬತ್ತಕ್ಕೆ ಮಕ್ಕಳನ್ನು ಮಲಗಿಸಿ.

ಮಗು ಮನೆಯಲ್ಲಿ ಉಳಿದ ದಿನ ತಟ್ಟೆಗೂ ಕೊರತೆಯೇ. ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್‌ನಿಂದ ಇದೆ, 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಅದರ ಜೊತೆ ರಾಗಿ ಮಾಲ್ಟ್. ಮೊಟ್ಟೆ ವಾರಕ್ಕೆ ಎರಡು ದಿನ ಇದ್ದದ್ದು, 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೈಜೋಡಿಸಿದ ಮೇಲೆ ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಆಯ್ಕೆ ಮಗುವಿನದು, ಪೋಷಕರದು. ಅಡುಗೆಯವರಿಗೆ ಮೊದಲೇ ತಿಳಿಸಿದರೆ ಅನುಕೂಲ. ರಾಗಿ ಬೆಳೆಯುವ ಕಡೂರಿನ ಮಕ್ಕಳಿಗೆ ಬೇರೆ ಕಡೆಯ ಪ್ಯಾಕೆಟ್ಟಿನಲ್ಲಿ ರಾಗಿ ಪುಡಿ ಬರುವುದನ್ನು ಕಂಡು ನಗಬಹುದು, ಚಳಿಯ ಬೆಳಿಗ್ಗೆ ಲೋಟ ಬಿಸಿಯಾಗಿದ್ದರೆ ಯಾವ ಮಗುವೂ ವಿಳಾಸ ಕೇಳುವುದಿಲ್ಲ.

ಚಳಿಯ ವಿಷಯಕ್ಕೆ ಬಂದರೆ, ಸರ್ಕಾರ ಸಮವಸ್ತ್ರ ಕೊಡುತ್ತದೆ, ಪಠ್ಯಪುಸ್ತಕ ಕೊಡುತ್ತದೆ, ಶೂ ಮತ್ತು ಕಾಲುಚೀಲ ಕೊಡುತ್ತದೆ. ಸ್ವೆಟರ್ ಆ ಪಟ್ಟಿಯಲ್ಲಿಲ್ಲ. ಶನಿವಾರ ಬೆಳಗಿನ ಶಾಲೆ. ಅಯ್ಯನಕೆರೆ ಕಡೆಯಿಂದ ಬೀಸುವ ಗಾಳಿಗೆ ಮಂಜು ಇನ್ನೂ ಕರಗಿರದ ಹೊತ್ತಿಗೆ ಒಂದನೇ ತರಗತಿಯ ಮಗು ಪ್ರಾರ್ಥನೆಗೆ ನಿಂತಿರಬೇಕು. ಸ್ವೆಟರಿನ ಬಣ್ಣ ಸಮವಸ್ತ್ರಕ್ಕೆ ಹೊಂದುವುದಿಲ್ಲವೆಂದು ಯಾವ ಮಗುವಿನ ಸ್ವೆಟರನ್ನೂ ಬಿಚ್ಚಿಸಬಾರದು. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಈ ಒಂದು ಮಾತನ್ನು ಸಭೆಯಲ್ಲಿ ಎತ್ತಿದರೆ ಸಾಕು, ದಾನಿಗಳನ್ನು ಹುಡುಕುವುದು ಆಮೇಲಿನ ಮಾತು. ತಿಂಗಳ ಮೂರನೇ ಶನಿವಾರ ಬ್ಯಾಗ್ ಬೇಡ, ಅದು ‘ಸಂಭ್ರಮ ಶನಿವಾರ’. ಉಳಿದ ದಿನಗಳಲ್ಲೂ ಬ್ಯಾಗಿಗೆ ಮಿತಿಯಿದೆ: 1–2ನೇ ತರಗತಿಗೆ ಎರಡು ಕಿಲೋ, 3ರಿಂದ 5ಕ್ಕೆ ಮೂರು ಕಿಲೋ ಮೀರಬಾರದು. ನಂಬಿಕೆ ಬಾರದಿದ್ದರೆ ಅಡಿಕೆ ತೂಗುವ ತಕ್ಕಡಿಯಲ್ಲಿ ಒಮ್ಮೆ ಇಟ್ಟು ನೋಡಿ.

ಡಿಸೆಂಬರ್ ಎಂದರೆ ಪ್ರವಾಸ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲತೀರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಹೋದರು. ಆ ಮೇಲೆ ಒಪ್ಪಿಗೆ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕುವ ಕಾಲ ಮುಗಿಯಬೇಕಿತ್ತು. ಸಹಿಗೆ ಮುಂಚೆ ಕೇಳಿ: ಇಲಾಖೆಯ ಅನುಮತಿ ಸಿಕ್ಕಿದೆಯೇ, ಬಸ್ಸು ಯಾವುದು, ಜೊತೆಗೆ ಎಷ್ಟು ಜನ ಶಿಕ್ಷಕರು, ಅವರಲ್ಲಿ ಮಹಿಳೆಯರು ಎಷ್ಟು, ರಾತ್ರಿ ಪ್ರಯಾಣ ಇದೆಯೇ, ನೀರಿಗೆ ಇಳಿಸುತ್ತಾರೆಯೇ. ಹೀಗೆ ಕೇಳಿದ್ದಕ್ಕೆ ಒಳ್ಳೆಯ ಮುಖ್ಯಶಿಕ್ಷಕರು ಬೇಸರಪಡುವುದಿಲ್ಲ. ದತ್ತ ಜಯಂತಿಯ ಹೊತ್ತಿಗೆ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಕಡೆಗೆ ಪ್ರವಾಸಿಗರಿಗೆ ನಿರ್ಬಂಧವಿರುತ್ತದೆ. ಆ ದಿನಗಳನ್ನು ಬಿಟ್ಟೇ ಯೋಜನೆ ಹಾಕಬೇಕು.

ಅಷ್ಟು ದೂರ ಹೋಗಲೇಬೇಕೇ ಎನ್ನುವುದು ನನ್ನ ಹಳೆಯ ತಕರಾರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಒಂದು ಹಗಲಿನಲ್ಲಿ ಮುಗಿಯುವ ಪಾಠಗಳು ಇಲ್ಲೇ ಇವೆ. ಶಕುನಗಿರಿಯ ತಪ್ಪಲಿನ ಅಯ್ಯನಕೆರೆಯನ್ನು ರುಕ್ಮಾಂಗದ ರಾಯ ಕಟ್ಟಿಸಿದನೆಂದು ಜನ ಹೇಳುತ್ತಾರೆ. ಅದರ ಏರಿಯ ಮೇಲೆ ನಿಲ್ಲಿಸಿ ‘ಈ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದರೆ ಭೂಗೋಳ ಶುರುವಾಯಿತು. ಇಲ್ಲಿಂದ ಹೊರಡುವುದು ವೇದಾ, ಮದಗದ ಕೆರೆಯಿಂದ ಬರುವುದು ಆವತಿ, ಎರಡೂ ಕಡೂರಿನ ಬಳಿ ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿಸುತ್ತವೆ. 1933ರ ನಂತರ ಕೋಡಿ ಬೀಳದ ಆ ಜಲಾಶಯ 2022ರಲ್ಲಿ ಕೋಡಿ ಬಿದ್ದಾಗ ಅದರಲ್ಲಿ ನಮ್ಮೂರ ಮಳೆಯ ಪಾಲೂ ಇತ್ತೆಂದು ಗೊತ್ತಾದರೆ ಮಕ್ಕಳ ಎದೆ ಉಬ್ಬುವುದಿಲ್ಲವೇ? ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಅಮಿತಯ್ಯ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವಿದೆ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು ಎಳೆದ ದನಗಳ ಸಂತತಿ ಅಲ್ಲಿ ಮೇಯುತ್ತದೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ. ಇನ್ನು ರೈಲನ್ನೇ ಹತ್ತದ ಮಕ್ಕಳಿದ್ದರೆ, 2013ರಲ್ಲಿ ಶುರುವಾದ ಕಡೂರು–ಚಿಕ್ಕಮಗಳೂರು ಮಾರ್ಗದಲ್ಲಿ ಸಖರಾಯಪಟ್ಟಣಕ್ಕೂ ನಿಲ್ದಾಣವಿದೆ. ಟಿಕೆಟ್ ತೆಗೆಸುವುದರಿಂದ ಹಿಡಿದು ಬೆಟ್ಟ ಹತ್ತಿರವಾಗುವುದನ್ನು ಕಿಟಕಿಯಲ್ಲಿ ನೋಡುವವರೆಗೆ ಎಲ್ಲವೂ ಪಾಠ.

ಕಾಗದಪತ್ರದ ಮಾತು ಚುಟುಕಾಗಿ ಮುಗಿಸೋಣ. ಮಗುವಿಗೆ ಏಳು ತುಂಬಿದ್ದರೂ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟಿಲ್ಲದಿದ್ದರೆ ಕೂಡಲೇ ಕೊಡಿಸಿ. 7ರಿಂದ 15 ವರ್ಷದವರಿಗೆ 2025ರ ಅಕ್ಟೋಬರ್ 1ರಿಂದ ಒಂದು ವರ್ಷ ಇದಕ್ಕೆ ಶುಲ್ಕವಿಲ್ಲ. ಆಧಾರ್, ಶಾಲಾ ದಾಖಲೆ, ಇಲಾಖೆಯ ಆನ್‌ಲೈನ್ ದಾಖಲೆ ‘ಸ್ಯಾಟ್ಸ್’ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿ. ಒಂದು ಇನಿಷಿಯಲ್ ಹೆಚ್ಚುಕಡಿಮೆಯಾದರೂ ವಿದ್ಯಾರ್ಥಿವೇತನ ಅಲ್ಲೇ ನಿಲ್ಲುತ್ತದೆ. ಐದನೇ ತರಗತಿಯ ಮಕ್ಕಳ ಮನೆಯವರು ಎರಡು ಪರೀಕ್ಷೆ ನೆನಪಿಡಬೇಕು. ಬಾಳೆಹೊನ್ನೂರಿನಲ್ಲಿರುವ ಜಿಲ್ಲೆಯ ನವೋದಯ ವಿದ್ಯಾಲಯದ ಆಯ್ಕೆ ಪರೀಕ್ಷೆ ಒಂದು, 2025ರಲ್ಲಿ ಅದು ಡಿಸೆಂಬರ್ 13ರ ಶನಿವಾರ ಇತ್ತು. ಅರ್ಜಿ ಹಾಕುವ ಕಾಲ ಆಗಸ್ಟಿನಲ್ಲೇ ಮುಗಿದಿತ್ತು, ಹಾಕಿದವರು ಪ್ರವೇಶಪತ್ರ ಮುದ್ರಿಸಿಟ್ಟುಕೊಳ್ಳಬೇಕು. ಕನ್ನಡದಲ್ಲೇ ಬರೆಯಬಹುದು, ಮುಕ್ಕಾಲು ಪಾಲು ಸೀಟು ಹಳ್ಳಿಯಲ್ಲಿ ಓದಿದವರಿಗೆ. ಇನ್ನೊಂದು, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿ ಶಾಲೆಗಳ ಆರನೇ ತರಗತಿಯ ಪ್ರವೇಶ ಪರೀಕ್ಷೆ. ಇದಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಸಖರಾಯಪಟ್ಟಣ ಹೋಬಳಿ ಕೇಂದ್ರವಾದ್ದರಿಂದ ಕಡೂರಿಗೆ ಅಲೆಯದೆ ನಾಡಕಚೇರಿಯಲ್ಲೇ ಅರ್ಜಿ ಕೊಡಬಹುದು. ಕೊನೆಯ ದಿನದ ಸಾಲಿಗಿಂತ ರಾಗಿ ಒಕ್ಕಣೆಗೆ ಮುಂಚಿನ ಒಂದು ಬಿಡುವು ವಾಸಿ.

ಫೆಬ್ರವರಿ 10 ಜಂತುಹುಳು ನಿವಾರಣಾ ದಿನ. ಮಾತ್ರೆಯನ್ನು ಶಾಲೆಯಲ್ಲೇ, ಶಿಕ್ಷಕರ ಎದುರೇ ಜಗಿದು ನುಂಗಬೇಕು. ಮಗುವಿಗೆ ಜ್ವರವಿದ್ದರೆ ಅಂದು ಬೇಡ, ಹೇಳಿ ಕಳಿಸಿ. ಸುಮಾರು ಅದೇ ಕಾಲಕ್ಕೆ ಅಂತರಘಟ್ಟೆ ದುರ್ಗಾಂಬೆಯ ಜಾತ್ರೆ. ಪಾನಕದ ಗಾಡಿಗಳು ಹೊರಟವೆಂದರೆ ಅಜ್ಜಂಪುರ, ತರೀಕೆರೆ, ಕಡೂರಿನ ಹಳ್ಳಿಗಳಲ್ಲಿ ಯಾವ ಹಾಜರಿ ಪುಸ್ತಕವೂ ನಿಲ್ಲುವುದಿಲ್ಲ, ನಿಲ್ಲಬೇಕೆಂದೂ ನನಗನ್ನಿಸುವುದಿಲ್ಲ. ಜಾತ್ರೆಗೆ ಹೋಗಲಿ. ಜಾತ್ರೆಯ ಹಿಂದಿನ ಎರಡು ದಿನ, ಮುಂದಿನ ನಾಲ್ಕು ದಿನ ನೆಂಟರ ಮನೆಯಲ್ಲಿ ಉಳಿಯುವುದು ಬೇಡ. ಆಗಲೇ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬವೂ ಇರಬಹುದು, ನಾಲ್ಕನೇ ರೂಪಣಾತ್ಮಕ ಮೌಲ್ಯಮಾಪನವೂ ಇರಬಹುದು.

ಮನೆಯಲ್ಲಿ ಇನ್ನೂ ಶಾಲೆಗೆ ಸೇರದ ಚಿಕ್ಕದೊಂದು ಇದ್ದರೆ ಅದರ ಜನನ ಪ್ರಮಾಣಪತ್ರವನ್ನು ಈಗಲೇ ತೆಗೆದು ನೋಡಿ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025–26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದರು, ಅದು ಆ ಒಂದೇ ವರ್ಷಕ್ಕೆ ಎಂದು ಸರ್ಕಾರ ಆಗಲೇ ಹೇಳಿತ್ತು. ಅಂದರೆ 2026ರ ಜೂನಿನಲ್ಲಿ ಒಂದನೇ ತರಗತಿಗೆ ಸೇರಬೇಕಾದ ಮಗು 2020ರ ಜೂನ್ 1ರೊಳಗೆ ಹುಟ್ಟಿರಬೇಕು. ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು ತುಂಬಿರಬೇಕು. ಖಾಸಗಿ ಶಾಲೆಗಳ ಪ್ರವೇಶದ ಬ್ಯಾನರುಗಳು ಡಿಸೆಂಬರಿನಲ್ಲೇ ರಸ್ತೆ ಬದಿ ಏರುತ್ತವೆ. ಹಣ ಕಟ್ಟುವ ಮೊದಲು ಹುಟ್ಟಿದ ತಾರೀಖು ಲೆಕ್ಕ ಹಾಕಿ.