ಮಂಕುದೇವಿಯ ದರ್ಬಾರು

ಪುಟದ ನೆತ್ತಿಯಲ್ಲಿ ಎರಡೇ ಸಾಲು ಪದ್ಯ. ಕೆಳಗೆ ಇರುವೆಸಾಲಿನಂತೆ ಸಣ್ಣಕ್ಷರದ ಟಿಪ್ಪಣಿ, ಟಿಪ್ಪಣಿ, ಬರೀ ಟಿಪ್ಪಣಿ! ಬರೆದ ಪಂಡಿತ ಮಾರ್ಟಿನಸ್ ಸ್ಕ್ರಿಬ್ಲೀರಸ್ ಎಂಬಾತ. ಅಂಥ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ! ಮೊದಲ ಟಿಪ್ಪಣಿ ಕಾವ್ಯದ ಹೆಸರಿನ ಮೇಲೆಯೇ. 'ಡನ್ಸಿಯಡ್' ಎಂಬಲ್ಲಿ ಒಂದು 'ಇ' ಅಕ್ಷರ ಕೈಬಿಟ್ಟದ್ದು ಸರಿಯೇ ಎಂದು ಘನಗಂಭೀರ ವಾದ. ಅದರಡಿ ಲೂಯಿಸ್ ಥಿಯೊಬಾಲ್ಡ್‌ನ ಸಹಿ. ಇವನು ನಿಜವಾಗಿಯೂ ಬದುಕಿದ್ದವನು. ಆದರೆ ಆ ಟಿಪ್ಪಣಿ ಮಾತ್ರ ಅವನದಲ್ಲ!

1729ರಲ್ಲಿ ಇಷ್ಟೆಲ್ಲ ಆಟ ಹೂಡಿದವನು ಅಲೆಕ್ಸಾಂಡರ್ ಪೋಪ್. ಬೆನ್ನುಮೂಳೆಗೆ ಕ್ಷಯ ತಗುಲಿ ಎತ್ತರ ನಾಲ್ಕೂವರೆ ಅಡಿಗೇ ನಿಂತ ಕವಿ. ಕ್ಯಾಥೊಲಿಕನಾದ್ದರಿಂದ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಬಾಗಿಲು ಅವನಿಗೆ ಮುಚ್ಚಿತ್ತು. ಆದರೂ ಹೋಮರನ 'ಇಲಿಯಡ್' ಅನ್ನು ಇಂಗ್ಲಿಷಿಗೆ ತಂದು, ಪೆನ್ನಿನಿಂದಲೇ ಹಣ ಗಳಿಸಿ, ಥೇಮ್ಸ್ ದಂಡೆಯ ಟ್ವಿಕನ್‌ಹ್ಯಾಮಿನಲ್ಲಿ ಮನೆ ಮಾಡಿದ. ಹೋಮರನ ಆ ಮಹಾಕಾವ್ಯದ ಠೀವಿಯನ್ನೇ ತಂದು ಕೆಟ್ಟ ಬರಹಗಾರರ ಕಥೆಗೆ ತೊಡಿಸಿದನಲ್ಲ, ಎಂಥ ಧೈರ್ಯ!

ಕಥೆಯ ಅಧಿದೇವತೆ ಮಂಕುದೇವಿ. ಅವಳ ಗೌರವಾರ್ಥ ನಡೆಯುವ ಕ್ರೀಡೋತ್ಸವವನ್ನು ನೋಡಬೇಕು. ಕವಿಯ ಮಾಯಾರೂಪವೊಂದನ್ನು ಹಿಡಿಯಲು ಪ್ರಕಾಶಕರ ಓಟ. ಎಡ್ಮಂಡ್ ಕರ್ಲ್ ಎಂಬ ಅಸಲಿ ಪ್ರಕಾಶಕ ಹೊಲಸಿನಲ್ಲಿ ಜಾರಿ ಬೀಳುತ್ತಾನೆ. ಲಂಡನ್ನಿನ ಕೊಳಕೆಲ್ಲ ಹರಿಯುತ್ತಿದ್ದ ಫ್ಲೀಟ್ ಮೋರಿಯಲ್ಲಿ, ಯಾರು ಹೆಚ್ಚು ಆಳಕ್ಕೆ ಮುಳುಗುತ್ತಾರೆಂದು ಪತ್ರಿಕಾ ಬರಹಗಾರರ ಪಂದ್ಯ. ಕೊನೆಗೆ ವಿಮರ್ಶಕರ ಸರದಿ. ಇಬ್ಬರು ಲೇಖಕರ ಜಡ ಬರಹವನ್ನು ಓದಿಸುತ್ತಾರೆ, ಎಚ್ಚರವಾಗಿ ಉಳಿದವರೇ ಗೆದ್ದಂತೆ. ಮುಂದಿನವರು ತೂಕಡಿಸಿದರು, ಹಿಂದಿನವರು ತೂಕಡಿಸಿದರು, ಕಡೆಗೆ ಓದುವವರೂ ನಿದ್ದೆಗೆ ಜಾರಿದರು. ಗೆದ್ದವರೇ ಇಲ್ಲ! ತೂಕಡಿಕೆ ಒಂದು ಸಾಲಿನಿಂದ ಇನ್ನೊಂದಕ್ಕೆ ಹಬ್ಬುವುದನ್ನು ಪ್ರಾಸಬದ್ಧ ದ್ವಿಪದಿಗಳಲ್ಲಿ ಇಷ್ಟು ಕಣ್ಣಿಗೆ ಕಟ್ಟುವಂತೆ ಬರೆದ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಪೆಟ್ಟು ತಿಂದವರು ಸುಮ್ಮನಿರಲಿಲ್ಲ. ಪೋಪ್ ಒಬ್ಬನೇ ಹೊರಗೆ ಹೊರಟರೆ ಬೌನ್ಸ್ ಎಂಬ ದೈತ್ಯ ನಾಯಿಯೂ ಜೇಬಿನಲ್ಲಿ ಪಿಸ್ತೂಲೂ ಇರುತ್ತಿದ್ದವೆಂದು ಅವನ ಅಕ್ಕ ನೆನೆದಿದ್ದಾಳೆ. ಅವನೂ ಬಿಡಲಿಲ್ಲ. 1742ರಲ್ಲಿ ನಾಲ್ಕನೆಯ ಭಾಗ ಬಂತು. 1743ರಲ್ಲಿ ಕಥಾನಾಯಕನೇ ಬದಲಾದ; ಥಿಯೊಬಾಲ್ಡ್ ಇಳಿದ, ಆಸ್ಥಾನಕವಿ ಕಾಲಿ ಸಿಬ್ಬರ್ ಮಂಕರ ಸಿಂಹಾಸನವೇರಿದ. ಕಾವ್ಯದ ಕೊನೆಯಲ್ಲಿ ಮಂಕುದೇವಿ ಒಮ್ಮೆ ಆಕಳಿಸುತ್ತಾಳೆ. ಇಗರ್ಜಿ, ಶಾಲೆ, ಸಂಸತ್ತು, ಸೈನ್ಯ ಎಲ್ಲವೂ ಮಲಗಿಬಿಡುತ್ತವೆ. ನಗುತ್ತ ಬಂದ ಓದುಗನಿಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ. ನನ್ನ ಮಟ್ಟಿಗೆ ಇಡೀ ಕಾವ್ಯದ ಶಿಖರವೇ ಇದು. ಮರುವರ್ಷ ಪೋಪ್ ತೀರಿಕೊಂಡ.

ಇನ್ನು ಥಿಯೊಬಾಲ್ಡ್. ಅವನ ಅಪರಾಧವೇನು? ಪೋಪ್ 1725ರಲ್ಲಿ ಸಂಪಾದಿಸಿದ ಶೇಕ್ಸ್‌ಪಿಯರ್ ಆವೃತ್ತಿಯ ತಪ್ಪುಗಳನ್ನು ಮರುವರ್ಷವೇ ಒಂದು ಪುಸ್ತಕದಲ್ಲಿ ಎತ್ತಿ ತೋರಿಸಿದ್ದು! ಆ ವಿದ್ವತ್ತಿನ ಮಟ್ಟಿಗೆ ಅವನೇ ಪೋಪನಿಗಿಂತ ದೊಡ್ಡವನು. 'ಐದನೆಯ ಹೆನ್ರಿ' ನಾಟಕದಲ್ಲಿ ಫಾಲ್‌ಸ್ಟಾಫನ ಸಾವನ್ನು ವರ್ಣಿಸುವ ಸಾಲೊಂದು ಹಳೆಯ ಮುದ್ರಣದಲ್ಲಿ ಅರ್ಥವಾಗದಂತೆ ಕೆಟ್ಟುಹೋಗಿತ್ತು. ಇಂದಿನ ಬಹುಪಾಲು ಆವೃತ್ತಿಗಳಲ್ಲಿ ನಾವು ಓದುವುದು ಮಂಕರ ಮೊದಲ ದೊರೆ ಥಿಯೊಬಾಲ್ಡ್ ಅದಕ್ಕೆ ಮಾಡಿದ ತಿದ್ದುಪಡಿಯನ್ನೇ.