ಚಕ್ಕಡಿಯ ಹಾದಿಯಲ್ಲಿ ಸೈಕಲ್ಲು: ಧಾರವಾಡದ ಪಡುವಣ ಅಡವಿಯ ದಾರಿಗಳು

ಸಹ್ಯಾದ್ರಿಯ ಮೂಡಣ ಇಳಿಜಾರು ಕ್ರಮೇಣ ಸಮತಲವಾಗುತ್ತ ಬಯಲುಸೀಮೆಯಲ್ಲಿ ಲೀನವಾಗುವ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿ ಧಾರವಾಡ ನಗರವು ನೆಲೆಸಿದೆ. ಊರಿನ ಮೂಡಣಕ್ಕೆ ಹೊರಟವನಿಗೆ ಎರೆನೆಲವೂ, ಹತ್ತಿ, ಜೋಳ, ಕಡಲೆಗಳ ಹೊಲಗಳೂ, ಮರಗಳು ವಿರಳವಾದ ವಿಶಾಲ ಬಯಲೂ ಎದುರಾದರೆ, ಪಡುವಣಕ್ಕೆ ಹೊರಟವನಿಗೆ ಅಲ್ಪ ದೂರದಲ್ಲಿಯೇ ಮಸಾರಿ ಮಣ್ಣು, ಭತ್ತದ ಗದ್ದೆ, ಮಾವಿನ ತೋಪು, ಅವುಗಳಾಚೆ ಸಾಗವಾನಿ, ಮತ್ತಿ, ಹೊನ್ನೆ, ಬಿದಿರುಗಳ ಅಡವಿ ಕಾಣಿಸತೊಡಗುತ್ತವೆ. ನೀರು ಕೂಡ ಇಲ್ಲಿ ಎರಡು ದಿಕ್ಕಿಗೆ ಹರಿಯುವುದು: ಊರ ಹೊರಗಿನ ಸೋಮೇಶ್ವರ ದೇವಾಲಯದ ಬಳಿ ಉದ್ಭವಿಸುವ ಶಾಲ್ಮಲೆ ಬೇಡ್ತಿಯನ್ನು ಕೂಡಿ ಪಶ್ಚಿಮ ಸಮುದ್ರವನ್ನು ಸೇರಿದರೆ, ಮೂಡಣದ ಹಳ್ಳಗಳು ಮಲಪ್ರಭೆಯ ಮಾರ್ಗವಾಗಿ ಕೃಷ್ಣೆಯನ್ನು ಕೂಡಿ ಬಂಗಾಳದ ಕಡಲಿಗೆ ಹೋಗುವುವು.

ಸೈಕಲ್ಲಿನ ಮೇಲೆ ನಾಡು ನೋಡಹೊರಟವನಿಗೆ ಈ ಸಂಧಿಸ್ಥಾನವು ಅನುಗ್ರಹವೇ ಸರಿ; ಏಕೆಂದರೆ ಗಂಟೆಗೆ 12ರಿಂದ 15 ಕಿಲೋಮೀಟರಿನ ಗತಿಯಲ್ಲಿ ಸಾಗುವ ಪಯಣಿಗನು ಒಂದು ಮುಂಜಾನೆಯೊಳಗೇ ಮಣ್ಣಿನ ಮಾಳಿಗೆಯ ಸೀಮೆಯಿಂದ ಹಂಚಿನ ಮಾಡಿನ ಸೀಮೆಗೆ, ರೊಟ್ಟಿಯ ನಾಡಿನಿಂದ ಅನ್ನದ ನಾಡಿಗೆ ಸೇರಬಲ್ಲನು. ಆದರೆ ಆತನು ಯಾವ ದಾರಿ ಹಿಡಿಯಬೇಕು? ಗೋವೆಯ ರಸ್ತೆಯಲ್ಲಿಯೂ ಹಳಿಯಾಳದ ರಸ್ತೆಯಲ್ಲಿಯೂ ಲಾರಿ, ಬಸ್ಸು, ಕಾರುಗಳ ಸಾಲು ಅವಿಚ್ಛಿನ್ನವಾಗಿ ಸಾಗುತ್ತಿರುತ್ತದೆ. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಣ ಹೆದ್ದಾರಿಯಂತೂ 2018ರಲ್ಲಿ ಚಿಗರಿ ಎಂಬ ತ್ವರಿತ ಬಸ್ಸುಗಳು ಓಡತೊಡಗುವ ಮುನ್ನವೇ ವಿಸ್ತಾರಗೊಂಡು, ತನ್ನ ಪಕ್ಕದ ಹಳೆಯ ಮರಗಳಲ್ಲಿ ಬಹಳಷ್ಟನ್ನು ಕಳೆದುಕೊಂಡಿತು. ಬಸ್ಸುಗಳಿಂದ ಜನರಿಗೆ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ರಸ್ತೆಯಲ್ಲಿ ನಿಶ್ಚಿಂತೆಯಿಂದ ತುಳಿಯುತ್ತ ಹೋಗುವ ಕಾಲ ಮುಗಿಯಿತು.

ನಮ್ಮ ಪಡುವಣ ಹಳ್ಳಿಗಳಿಗೆ ಇನ್ನೊಂದು ಬಗೆಯ ಮಾರ್ಗಜಾಲವು ಪುರಾತನ ಕಾಲದಿಂದಲೂ ಉಂಟು. ಡಾಂಬರು ಬರುವ ಮೊದಲು ಚಕ್ಕಡಿಗಳು ಓಡಾಡುತ್ತಿದ್ದ ಹಾದಿಗಳು ಅವು: ಊರಿಂದ ಊರಿಗೆ, ಊರಿಂದ ಕೆರೆಗೆ, ಕೆರೆಯಿಂದ ಅಡವಿಯ ಅಂಚಿಗೆ. ಎತ್ತಿನ ಕಾಲಿಗೆ ಒಗ್ಗುವ ಏರು ಸೈಕಲ್ಲು ತುಳಿಯುವವನ ಕಾಲಿಗೂ ಒಗ್ಗುವುದೆಂಬುದು ಇಲ್ಲಿಯ ವಿಶೇಷ. ಭಾರ ಹೇರಿದ ಗಾಡಿಯು ದಿಣ್ಣೆಯನ್ನು ನೇರವಾಗಿ ಹತ್ತಲಾರದಾದುದರಿಂದ ಹಳೆಯ ಹಾದಿಯು ಅದನ್ನು ಬಳಸಿಕೊಂಡು ಹೋಗುತ್ತದೆ. ದನಕ್ಕೆ ನೀರು ಬೇಕಾದುದರಿಂದ ಕೆರೆಯ ಒಡ್ಡಿನ ಮಗ್ಗುಲಲ್ಲಿ ಹಾಯುತ್ತದೆ. ಗಾಡಿಕಾರನಿಗೆ ನೆರಳು ಬೇಕಾದುದರಿಂದ ಹುಣಸೆಯ ಬುಡದಲ್ಲೋ ಆಲದ ಬುಡದಲ್ಲೋ ಅಗಲವಾಗಿ ನಿಲ್ಲುತ್ತದೆ. ಇಂದಿನ ತಂತ್ರಜ್ಞರು ಪಯಣಿಗರ ಸೈಕಲ್ ಪಥಕ್ಕೆ ವಿಧಿಸುವ ಲಕ್ಷಣಗಳಲ್ಲಿ ಮುಖ್ಯವಾದವೂ ಇವೇ ಅಲ್ಲವೇ, ಅಂದರೆ ಸೌಮ್ಯವಾದ ಏರು, ನೀರು, ನೆರಳು ಮತ್ತು ವೇಗದ ವಾಹನಗಳ ಅಭಾವ?

ಕಾನೂನಿನ ದೃಷ್ಟಿಯಿಂದಲೂ ಈ ಹಾದಿಗಳು ಅನಾಥವಲ್ಲ. ಬಂಡಿದಾರಿ, ಕಾಲುದಾರಿಗಳು ಗ್ರಾಮ ನಕಾಶೆಗಳಲ್ಲಿ ಗೆರೆಗಳಾಗಿ ಅಂಕಿತವಾಗಿರುತ್ತವೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಕಲಮು ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರಕಾರದ ಸ್ವತ್ತೆಂದು ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದರೂ ಒತ್ತಿನ ಹೊಲದವನು ವರ್ಷಕ್ಕೊಂದು ಸಾಲಿನಂತೆ ಒತ್ತರಿಸಿ ನೇಗಿಲು ಹೊಡೆದರೆ ನಕಾಶೆಯ ಹಾದಿಯು ನಕಾಶೆಯಲ್ಲಿಯೇ ಉಳಿಯುವುದು. ಬಳಸುವವರಿದ್ದರೆ ಮಾತ್ರ ಹಾದಿ ಹಾದಿಯಾಗಿರುತ್ತದೆ. ಚಕ್ಕಡಿಗಳು ಕಡಿಮೆಯಾದ ಈ ಕಾಲದಲ್ಲಿ ಆ ಬಳಕೆಯನ್ನು ಮುಂದುವರಿಸಲು ಸೈಕಲ್ಲಿಗಿಂತ ನಿರುಪದ್ರವಿಯಾದ ವಾಹನವನ್ನು ನಾನು ಕಾಣೆ.

ದೃಷ್ಟಾಂತಕ್ಕೆ ಒಂದು ಮಾರ್ಗವನ್ನು ಹೇಳುತ್ತೇನೆ. ಧಾರವಾಡದ ಪಡುವಣ ಅಂಚಿನ ಕೆಲಗೇರಿಯ ಕೆರೆಯಿಂದ ಹೊರಟು, ಗೋವೆಯ ಹೆದ್ದಾರಿಯನ್ನು ಸಾಧ್ಯವಾದಷ್ಟು ದೂರವಿರಿಸಿ, ಹೊಲದ ಹಾದಿಗಳನ್ನು ಹಿಡಿದು ಮುಗದದ ಕಡೆಗೆ ನಡೆಯಬೇಕು. ಸಂಗೀತಪ್ರಿಯನಾದವನು ದಾರಿಯನ್ನು ತುಸು ಬಳಸಿದರೂ ಚಿಂತೆಯಿಲ್ಲ, 1910ರಲ್ಲಿ ಮಲ್ಲಿಕಾರ್ಜುನ ಮನಸೂರರು ಜನಿಸಿದ ಮನಸೂರು ಗ್ರಾಮವನ್ನು ನೋಡಿಯೇ ಹೋಗಲಿ. ಮುಗದವು ಕುಂಬಾರರ ಊರು, ದೊಡ್ಡ ಕೆರೆಯ ಊರು; ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿರುವುದೂ ಇಲ್ಲಿಯೇ, ಮುಗದ ಸುಗಂಧ ಎಂಬ ಪರಿಮಳದ ಭತ್ತವು ಹೆಸರು ಪಡೆದುದೂ ಈ ಊರಿನಿಂದಲೇ. ಇಲ್ಲಿಂದ ಮುಂದೆ ಗದ್ದೆಗಳು ಕಿರಿದಾಗುತ್ತ ಮರಗಳು ಒತ್ತಾಗುತ್ತ ಹೋಗಿ, ಕಂಬಾರಗಣವಿಯ ಹೊತ್ತಿಗೆ ಪಯಣಿಗನು ಮಲೆನಾಡಿನ ಸೆರಗಿನೊಳಗೆ ಪ್ರವೇಶಿಸಿರುತ್ತಾನೆ. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿದ ಮುತ್ತುಗದ ಮರಗಳು ಮೈತುಂಬ ಕೆಂಪು ಹೂ ಹೊತ್ತು ನಿಂತಿರುವಾಗ ಈ ಭಾಗವನ್ನು ಹಾದುಹೋಗುವುದು ಕಣ್ಣಿಗೆ ಹಬ್ಬ. ಅಳ್ನಾವರಕ್ಕೆ ಈ ಮಾರ್ಗವು ಮುಗಿಯುತ್ತದೆ. ಹೆದ್ದಾರಿಯ ಲೆಕ್ಕದಲ್ಲಿ ಧಾರವಾಡದಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರು, ಒಳದಾರಿಯಲ್ಲಿ ಸ್ವಲ್ಪ ಹೆಚ್ಚು.

ಈ ಮಾರ್ಗದ ಇನ್ನೊಂದು ಸೌಲಭ್ಯವೆಂದರೆ ರೈಲುಹಳಿಯ ಸಾಮೀಪ್ಯ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಇತ್ತಲಿನ ಹತ್ತಿ ಮೊದಲಾದ ಸರಕನ್ನು ಮುರಗಾಂವ ಬಂದರಕ್ಕೆ ಸಾಗಿಸಲೆಂದು ಕ್ಯಾಸಲ್‌ರಾಕಿನವರೆಗೆ ಹಾಕಿದ ಈ ದಾರಿಯ ಮೇಲೆ ಕ್ಯಾರಕೊಪ್ಪ, ಮುಗದ, ಕಂಬಾರಗಣವಿ, ಅಳ್ನಾವರ ನಿಲ್ದಾಣಗಳು ಸಾಲಾಗಿ ಬರುವುದರಿಂದ, ದಣಿದವನಾಗಲಿ, ಸೈಕಲ್ಲು ಕೆಟ್ಟವನಾಗಲಿ ನಡುದಾರಿಯಲ್ಲಿ ನಿರಾಶ್ರಿತನಾಗುವ ಭಯ ಕಡಿಮೆ.

ಹಳಿಯಾಳದ ದಿಕ್ಕಿನಲ್ಲಿ ಸಲಕಿನಕೊಪ್ಪ, ಹಳ್ಳಿಗೇರಿಗಳ ಸುತ್ತಲೂ ಇಂಥವೇ ದಾರಿಗಳಿವೆ. 2002ರಿಂದ ಬಡಮಕ್ಕಳಿಗೆ ಉಚಿತವಾಗಿ ಹಿಂದುಸ್ತಾನಿ ಸಂಗೀತವನ್ನು ಕಲಿಸುತ್ತ ಬಂದಿರುವ ಕಲಕೇರಿಯ ಸಂಗೀತ ವಿದ್ಯಾಲಯವೂ ಅಡವಿಯ ಇದೇ ಅಂಚಿನಲ್ಲಿದೆ. ಆದರೆ ಪಡುವಣಕ್ಕೆ ಹೋದಷ್ಟೂ ಪಯಣಿಗನು ವಿವೇಕಿಯಾಗತಕ್ಕದ್ದು. ಮೀಸಲು ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಲಾಗದು. 2015ರಲ್ಲಿ ಕಾಳಿ ನದಿಯ ಹೆಸರು ಪಡೆದ ದಾಂಡೇಲಿಯ ಹುಲಿ ಸಂರಕ್ಷಿತ ಪ್ರದೇಶದಲ್ಲಂತೂ ಸ್ವೇಚ್ಛಾಸಂಚಾರದ ಮಾತೇ ಇಲ್ಲ. ಭತ್ತ, ಕಬ್ಬುಗಳು ಬಲಿಯುವ ಕಾಲಕ್ಕೆ ಆನೆಗಳು ಹಳಿಯಾಳ, ಕಲಘಟಗಿಗಳ ಹೊಲಗಳಿಗೆ ಇಳಿಯುತ್ತವೆ. ಆದುದರಿಂದ ಹಳ್ಳಿಗರನ್ನು ಕೇಳದೆ ಮುಂದುವರಿಯಬಾರದು, ಬಿಸಿಲು ಇಳಿಯುವ ಮುನ್ನವೇ ಮರಳಬೇಕು.

ಕಾಲದ ವಿಚಾರದಲ್ಲಿ ಮಣ್ಣೇ ಗುರು. ಮಳೆಗಾಲದ ಎರೆಯು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರುವಂತೆ ಮಾಡುವುದು. ಮಸಾರಿಯಲ್ಲಿಯಾದರೆ ನೀರು ಬೇಗ ಇಂಗಿ, ಒಂದೆರಡು ದಿನ ಮಳೆ ಬಿಟ್ಟರೆ ಹಾದಿ ಗಟ್ಟಿಯಾಗುತ್ತದೆ. ಅಕ್ಟೋಬರದಿಂದ ಫೆಬ್ರುವರಿಯವರೆಗಿನ ಅವಧಿಯು ಪ್ರಶಸ್ತ. ಗಾಲಿ 35 ಮಿಲಿಮೀಟರಿಗಿಂತ ಕಿರಿದಾಗಿರದಿದ್ದರೆ ಒಳ್ಳೆಯದು.

ಪರದೇಶಗಳಲ್ಲಿ ಇಂಥ ಪಥಗಳು ಹೇಗೆ ಹುಟ್ಟಿದವೆಂಬುದನ್ನು ನೋಡಿದರೆ ನಮ್ಮ ಕಾರ್ಯ ಎಷ್ಟು ಸುಲಭವೆಂಬುದು ತಿಳಿದೀತು. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ಪಟ್ಟಣಗಳ ನಡುವೆ, ರೈಲು ನಿಂತುಹೋದ ಹಳೆಯ ದಾರಿಯನ್ನು ಸ್ವಯಂಸೇವಕರು 1979ರಿಂದ 1986ರವರೆಗೆ ಶ್ರಮಿಸಿ ಸೈಕಲ್ ಪಥವನ್ನಾಗಿ ಮಾಡಿದರು. ಅದರ ಉದ್ದ ಸುಮಾರು 21 ಕಿಲೋಮೀಟರು, ಹುಬ್ಬಳ್ಳಿ ಧಾರವಾಡಗಳ ನಡುವಣ ಅಂತರದಷ್ಟೇ. ಬೆಲ್ಜಿಯಮ್ಮಿನ ಲಿಂಬುರ್ಗ್ ಪ್ರಾಂತದಲ್ಲಿ ಹ್ಯೂಗೋ ಬೊಲೆನ್ ಎಂಬ ಗಣಿ ತಂತ್ರಜ್ಞನ ಯೋಜನೆಯಂತೆ 1995ರಲ್ಲಿ ನಡೆದುದು ಇನ್ನೂ ಸರಳ. ಅಲ್ಲಿ ಇದ್ದ ಶಾಂತವಾದ ದಾರಿಗಳನ್ನು ಪರಸ್ಪರ ಜೋಡಿಸಿ, ಕೂಡುದಾರಿಗೊಂದು ಅಂಕೆಯ ಫಲಕ ನೆಟ್ಟರು. ಪಯಣಿಗನು ಹೊರಡುವ ಮುನ್ನ ನಾಲ್ಕಾರು ಅಂಕೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಯಾರನ್ನೂ ಕೇಳದೆ ಇಡೀ ದಿನ ಅಲೆದು ಬರಬಲ್ಲನು. ಈ ಪದ್ಧತಿಯು ಆಮೇಲೆ ನೆದರ್ಲೆಂಡ್ಸಿಗೂ ಹಬ್ಬಿತು.

ಹುಬ್ಬಳ್ಳಿಯಲ್ಲಿ ಈ ದಿಕ್ಕಿನ ಒಂದು ಹೆಜ್ಜೆ ಈಗಾಗಲೇ ಬಿದ್ದಿದೆ. 2018ರಲ್ಲಿ ಫ್ರಾನ್ಸಿನ ನೆರವಿನೊಡನೆ ಆರಂಭವಾದ 'ಸಿಟೀಸ್' ಎಂಬ ಕೇಂದ್ರ ಯೋಜನೆಗೆ ದೇಶದಲ್ಲಿ ಆಯ್ಕೆಯಾದ 12 ಪಟ್ಟಣಗಳಲ್ಲಿ ಹುಬ್ಬಳ್ಳಿಯೂ ಒಂದಾಗಿ, ಉಣಕಲ್ಲಿನ ನಾಲೆಯ ದಂಡೆಗುಂಟ ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಾದ ಹಸಿರು ಪಥದ ಕೆಲಸ ಕೈಗೊಳ್ಳಲಾಯಿತು. ಕೊಳಚೆ ನಾಲೆಯ ದಂಡೆಯನ್ನೇ ಪಥವನ್ನಾಗಿಸಲು ಅಷ್ಟು ಹಣವನ್ನೂ ಪ್ರಯತ್ನವನ್ನೂ ವಿನಿಯೋಗಿಸಿದವರು, ನಿಸರ್ಗವೇ ನೆರಳು ಹಾಸಿದ ಧಾರವಾಡದ ಹಾದಿಗಳಿಗೆ ಫಲಕಗಳನ್ನು ನೆಡಲಾರರೇ? ತಾಲೂಕು ಕಚೇರಿಯು ನಕಾಶೆಯ ಬಂಡಿದಾರಿಗಳ ಗಡಿಯನ್ನು ಅಳೆದು ಕಲ್ಲು ನೆಡಿಸಲಿ. ಗ್ರಾಮ ಪಂಚಾಯತಿಗಳು ಹಳ್ಳ ದಾಟುವಲ್ಲಿ ಕಿರುಸೇತುವೆಗಳನ್ನು ಕಟ್ಟಿಸಲಿ. ಡಾಂಬರನ್ನು ಮಾತ್ರ ದಯವಿಟ್ಟು ಹಾಕದಿರಲಿ, ಏಕೆಂದರೆ ಡಾಂಬರಿನ ಹಿಂದೆಯೇ ಮೋಟಾರು ಬರುವುದು. ಓದುಗರೂ ತಮ್ಮೂರಿನ ಗ್ರಾಮ ನಕಾಶೆಯನ್ನು ತೆಗೆಸಿ, ಅದರಲ್ಲಿ ಗೆರೆಯಾಗಿ ಉಳಿದ ಹಾದಿ ಇಂದು ನೆಲದ ಮೇಲೆ ಎಲ್ಲಿದೆ ಎಂಬುದನ್ನು ಸೈಕಲ್ಲಿನ ಮೇಲೆ ಹೋಗಿ ಒಮ್ಮೆ ನೋಡಿ ಬರಬೇಕೆಂದು ಕೋರುತ್ತೇನೆ.